ಹಲಗೆಯ ಮೇಲಿನ ರಾಗಿ

ಬಾಗಲಗುಂಟೆ
೧೨ ಜೂನ್ ೨೦೨೪

ಡಾ. ಲುಬ್ನಾ ಅವರಿಗೆ,

ನಮಸ್ಕಾರ. ನಿಮಗೆ ನನ್ನ ಪರಿಚಯವಿಲ್ಲ. ಹೆಸರಘಟ್ಟ ರಸ್ತೆಯ ಆಸುಪಾಸಿನ ಸರ್ಕಾರಿ ಶಾಲೆಗಳಲ್ಲಿ ಮೂವತ್ತಾರು ವರ್ಷ ಕನ್ನಡ ಕಲಿಸಿ ನಿವೃತ್ತಳಾದವಳು ನಾನು.

ಕಳೆದ ವಾರ ಕಣ್ಣಿನ ಪೊರೆಯ ತಪಾಸಣೆಗೆಂದು ಯಲಹಂಕದ ಒಂದು ಆಸ್ಪತ್ರೆಗೆ ಹೋಗಿದ್ದೆ. ಸರದಿ ಕಾಯುವ ಕೋಣೆಯಲ್ಲಿ ‘ನೋಟದ ತೊಂದರೆ ಮತ್ತು ಮಿದುಳು’ ಎಂಬ ನಿಮ್ಮ ಪ್ರಶ್ನಾವಳಿಯ ಪ್ರತಿಗಳನ್ನು ಇಟ್ಟಿದ್ದರು. ಕೆಳಗೆ ನಿಮ್ಮ ಹೆಸರೂ ಚಂಡೀಗಢದ ವಿಳಾಸವೂ ಇದ್ದವು. ಓದಲು ಬೇರೇನೂ ಸಿಗದೆ ಅದನ್ನೇ ಓದಿದೆ. ನಾಲ್ಕು ಪುಟಗಳಲ್ಲಿ ಹತ್ತೊಂಬತ್ತು ತಪ್ಪುಗಳಿವೆ. ಕೆಂಪು ಶಾಯಿಯಲ್ಲಿ ತಿದ್ದಿ ಇದರೊಂದಿಗೆ ಕಳುಹಿಸುತ್ತಿದ್ದೇನೆ.

ಕಾಗುಣಿತದ ತಪ್ಪುಗಳನ್ನು ಕ್ಷಮಿಸಬಹುದು. ‘ದೃಶ್ಯಹಿಮ’ವನ್ನು ಕ್ಷಮಿಸಲಾರೆ. ಇಂಗ್ಲಿಷಿನ ‘ವಿಷುಯಲ್ ಸ್ನೋ’ ಎಂಬುದರ ಒಂದೊಂದು ಪದಕ್ಕೆ ಒಂದೊಂದು ಕನ್ನಡ ಪದವನ್ನಿಟ್ಟು ಯಾರೋ ಕೈತೊಳೆದುಕೊಂಡಿದ್ದಾರೆ. ಹೆಸರಘಟ್ಟದಲ್ಲಿ ಹಿಮ ಬಿದ್ದದ್ದನ್ನು ಯಾರೂ ಕಂಡಿಲ್ಲ. ‘ಮೊರದಲ್ಲಿ ರಾಗಿ ಕೇರುವಾಗ ಕಾಳು ಹಾರುವ ಹಾಗೆ’ ಎಂದು ಬರೆಯಿರಿ. ಈ ಕಡೆಯ ಹೆಂಗಸರಿಗೆ ಮರುಮಾತಿಲ್ಲದೆ ಅರ್ಥವಾಗುತ್ತದೆ.

ಹನ್ನೊಂದನೆಯ ಪ್ರಶ್ನೆಯನ್ನು ತೆಗೆದುಹಾಕಿ. ‘ಬರಿಯ ಗೋಡೆಯನ್ನೋ ಆಕಾಶವನ್ನೋ ನೋಡುವಾಗ ಸಣ್ಣ ಚುಕ್ಕಿಗಳು ಎಡೆಬಿಡದೆ ಚಲಿಸುವಂತೆ ಕಾಣುತ್ತವೆಯೇ?’ ಕಣ್ಣಿರುವವರೆಲ್ಲರೂ ಹೌದೆನ್ನುವ ಪ್ರಶ್ನೆ ಪರೀಕ್ಷೆಗೆ ಯೋಗ್ಯವಲ್ಲ. ಮೂವತ್ತಾರು ವರ್ಷ ಪ್ರಶ್ನೆಪತ್ರಿಕೆ ತೆಗೆದವಳ ಮಾತು ಇದು.

ಉತ್ತರಿಸುವವರು ಎಲ್ಲೆಲ್ಲಿ ತಡವರಿಸುತ್ತಾರೆಂದು ತಿಳಿಯಲು ನಾನೇ ಒಮ್ಮೆ ತುಂಬಿ ನೋಡಿದ್ದೇನೆ. ಆ ಉತ್ತರಗಳನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ.

ಮಿಂಚಂಚೆ ನನಗೆ ಒಗ್ಗುವುದಿಲ್ಲ. ಉತ್ತರ ಬರೆಯುವುದಾದರೆ ಕಾಗದದಲ್ಲಿ ಬರೆಯಿರಿ.

ವಿ. ವೆಂಕಟಲಕ್ಷ್ಮಮ್ಮ


ಚಂಡೀಗಢ
೩ ಜುಲೈ ೨೦೨೪

ಮಾನ್ಯ ವೆಂಕಟಲಕ್ಷ್ಮಮ್ಮ ಮೇಡಂ ಅವರಿಗೆ,

ನಿಮ್ಮ ಕೆಂಪು ಶಾಯಿ ನೋಡಿ ಮೊದಲು ಹೆದರಿದೆ, ಆಮೇಲೆ ಊರಿನ ನೆನಪಾಯಿತು. ನಾನು ಆರ್.ಟಿ. ನಗರದಲ್ಲಿ ಬೆಳೆದವಳು. ಮನೆಯಲ್ಲಿ ಉರ್ದು, ಹತ್ತನೆಯ ತರಗತಿಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಪ್ರಶ್ನಾವಳಿಯನ್ನು ಹನ್ನೊಂದು ಭಾಷೆಗಳಿಗೆ ಒಂದೇ ಸಂಸ್ಥೆಯಿಂದ ಅನುವಾದ ಮಾಡಿಸಿದರು. ಕನ್ನಡದ್ದನ್ನು ಪರಿಶೀಲಿಸಿ ಸಹಿ ಹಾಕಿದ್ದು ನಾನೇ. ಆದ್ದರಿಂದ ಹತ್ತೊಂಬತ್ತು ತಪ್ಪುಗಳೂ ನನ್ನವೇ.

ನಮ್ಮ ಕೆಲಸ ಏನೆಂದು ಎರಡು ಮಾತಿನಲ್ಲಿ ಹೇಳುತ್ತೇನೆ. ಕೆಲವರಿಗೆ ಹಗಲಿರುಳೂ ನೋಟದ ಮೇಲೆ ಚುಕ್ಕಿಗಳು ಮಿಸುಕಾಡುತ್ತವೆ. ಕಣ್ಣಿನ ವೈದ್ಯರು ಎಷ್ಟು ಪರೀಕ್ಷಿಸಿದರೂ ದೋಷ ಸಿಗುವುದಿಲ್ಲ. ಏಕೆಂದರೆ ಕಣ್ಣು ಸರಿಯಾಗಿಯೇ ಇದೆ. ಕಣ್ಣು ಕಳುಹಿಸಿದ್ದನ್ನು ಮಿದುಳು ಸೋಸುವ ರೀತಿಯಲ್ಲಿ ಏನೋ ವ್ಯತ್ಯಾಸವಿದೆ ಎಂದು ನಾವು ಊಹಿಸುತ್ತೇವೆ. ಮಿದುಳಿನ ಹಿಂಬದಿಯಲ್ಲಿ ನೋಟಕ್ಕೆ ಸಂಬಂಧಿಸಿದ ಭಾಗಗಳು ಇವರಲ್ಲಿ ವಿಶ್ರಾಂತಿಯೇ ಇಲ್ಲದೆ ದುಡಿಯುತ್ತಿರಬಹುದು. ಇನ್ನೂ ಖಚಿತವಾಗಿಲ್ಲ. ಮುಖ್ಯವಾಗಿ, ಬಾಲ್ಯದಿಂದಲೇ ಹೀಗೆ ಕಾಣುತ್ತಿದ್ದವರು ನಮಗೆ ಸಿಗುತ್ತಿಲ್ಲ. ಮಕ್ಕಳು ಹೇಳುವುದಿಲ್ಲ. ಹೇಳಿದರೂ ಯಾರೂ ಬರೆದಿಟ್ಟುಕೊಳ್ಳುವುದಿಲ್ಲ.

ಅದಕ್ಕೇ ಕೇಳುತ್ತೇನೆ: ರಾಗಿ ಕೇರುವ ಆ ಹೋಲಿಕೆ ನಿಮಗೆ ಎಲ್ಲಿಂದ ಸಿಕ್ಕಿತು? ಅನುಭವವಿಲ್ಲದವರ ಬಾಯಲ್ಲಿ ಅಂಥ ಮಾತು ಬರುವುದಿಲ್ಲ.

ಹನ್ನೊಂದನೆಯ ಪ್ರಶ್ನೆಯನ್ನು ಸದ್ಯಕ್ಕೆ ಉಳಿಸಿಕೊಂಡಿದ್ದೇನೆ. ಅನ್ಯಥಾ ಭಾವಿಸಬೇಡಿ.

ಗೌರವದಿಂದ,
ಲುಬ್ನಾ


ಬಾಗಲಗುಂಟೆ
೨೦ ಜುಲೈ ೨೦೨೪

ಡಾ. ಲುಬ್ನಾ ಅವರಿಗೆ,

ನಿಮ್ಮ ಕನ್ನಡ ಚೆನ್ನಾಗಿದೆ. ಎರಡು ಕಡೆ ಮಾತ್ರ ತಿದ್ದಿ ನಿಮ್ಮ ಪತ್ರದ ಪ್ರತಿಯನ್ನು ಲಗತ್ತಿಸಿದ್ದೇನೆ.

ರಾಗಿಯ ಮಾತು ನನ್ನದಲ್ಲ. ೧೯೯೧ರಲ್ಲಿ ನನ್ನ ಆರನೆಯ ತರಗತಿಯಲ್ಲಿದ್ದ ರಾಧಾಮಣಿ ಎಂಬ ಹುಡುಗಿಯದು. ಅಬ್ಬಿಗೆರೆಯ ಚಿಕ್ಕಬೈರಪ್ಪನವರ ಮಗಳು. ಆಗಿನ್ನೂ ಅವರ ಹೊಲದಲ್ಲಿ ರಾಗಿ, ಹುರುಳಿ ಬೆಳೆಯುತ್ತಿದ್ದವು. ಹುಡುಗಿ ಚುರುಕಾಗಿದ್ದಳು. ಆದರೆ ಹಲಗೆಯ ಮೇಲೆ ಬರೆದದ್ದನ್ನು ಇಳಿಸಿಕೊಳ್ಳಲು ಉಳಿದವರಿಗಿಂತ ಎರಡರಷ್ಟು ಹೊತ್ತು ಮಾಡುತ್ತಿದ್ದಳು. ಕಾರಣ ಕೇಳಿದರೆ, ಹಲಗೆಯ ಮೇಲೆ ರಾಗಿ ಕೇರಿದ ಹಾಗೆ ಆಗುತ್ತದೆ, ನಡುವೆ ಅಕ್ಷರ ಕೈಗೆ ಸಿಗುವುದಿಲ್ಲ ಎನ್ನುತ್ತಿದ್ದಳು. ತರಗತಿಯೆಲ್ಲ ನಗುತ್ತಿತ್ತು.

ಆ ವರ್ಷ ಶಾಲೆಯಲ್ಲಿ ಕಣ್ಣಿನ ತಪಾಸಣಾ ಶಿಬಿರ ನಡೆಯಿತು. ವೈದ್ಯರು ಅವಳಿಂದ ಕೊನೆಯ ಸಾಲಿನವರೆಗೂ ಓದಿಸಿ, ದೃಷ್ಟಿ ಸರಿಯಾಗಿದೆಯೆಂದು ಚೀಟಿ ಬರೆದುಕೊಟ್ಟರು. ಅವಳ ತಾಯಿ ಮುನಿಗಂಗಮ್ಮ ಆ ಚೀಟಿಯನ್ನು ಹಿಡಿದು ನನ್ನ ಬಳಿಗೆ ಬಂದು, ಇನ್ನು ಇವಳನ್ನು ದಾರಿಗೆ ತರುವುದು ನಿಮ್ಮ ಪಾಲಿನದು ಎಂದು ಒಪ್ಪಿಸಿ ಹೋದಳು. ಮಾರನೆಯ ದಿನವೂ ಹುಡುಗಿ ರಾಗಿಯೆಂದಳು.

ನಾನು ಮಕ್ಕಳಿಗೆ ಹೊಡೆದವಳಲ್ಲ, ಬರೆಸುತ್ತಿದ್ದೆ. ‘ಹಲಗೆಯ ಮೇಲೆ ಅಕ್ಷರಗಳಲ್ಲದೆ ಬೇರೇನೂ ಇಲ್ಲ’ ಎಂಬ ವಾಕ್ಯವನ್ನು ದಿನಕ್ಕೆ ಐವತ್ತು ಸಲದಂತೆ ಹತ್ತು ದಿನ ಬರೆಸಿದೆ. ಹನ್ನೊಂದನೆಯ ದಿನದಿಂದ ಅವಳು ರಾಗಿಯ ಮಾತೆತ್ತಲಿಲ್ಲ. ಏಳನೆಯ ತರಗತಿ ಮುಗಿದ ಮೇಲೆ ಶಾಲೆ ಬಿಡಿಸಿದರು. ಆ ಕಡೆ ಹೆಣ್ಣುಮಕ್ಕಳಿಗೆ ಆಗ ಅದೇ ವಾಡಿಕೆ.

ನಿಮ್ಮ ವಿಷಯಕ್ಕೆ ಬರುತ್ತೇನೆ. ನೀವು ಹೇಳುವ ರೋಗಿಗಳಿಗೆ ಎಲ್ಲರಿಗೂ ಇರುವುದಕ್ಕಿಂತ ಬಹಳ ಹೆಚ್ಚು ಚುಕ್ಕಿಗಳು ಕಾಣುತ್ತವೆಂದು ತಿಳಿದುಕೊಂಡಿದ್ದೇನೆ. ರಾಧಾಮಣಿಯದು ಅಂಥದ್ದಲ್ಲ. ನಾವೆಲ್ಲರೂ ಆ ಚುಕ್ಕಿಗಳ ನಡುವೆಯೇ ಓದಿ ಬರೆದವರು. ರಸ್ತೆಯಲ್ಲಿ ಧೂಳಿದೆಯೆಂದು ನಡೆಯುವುದನ್ನು ಬಿಡಲಾದೀತೇ? ಅದನ್ನೇ ನೆಪ ಮಾಡಿಕೊಂಡವರಿಗೆ ವಿದ್ಯೆ ಹತ್ತುವುದಿಲ್ಲ.

ಹೋಲಿಕೆ ಮಾತ್ರ ಚೆನ್ನಾಗಿದೆ, ಬಳಸಿಕೊಳ್ಳಿ.

ವಿ. ವೆಂಕಟಲಕ್ಷ್ಮಮ್ಮ


ಚಂಡೀಗಢ
೧೬ ಆಗಸ್ಟ್ ೨೦೨೪

ಪ್ರಿಯ ಮೇಡಂ,

ನಿಮ್ಮ ಪತ್ರವನ್ನು ನಾಲ್ಕು ಸಲ ಓದಿದೆ. ಮೂರು ಉತ್ತರಗಳನ್ನು ಬರೆದು ಹರಿದೆ. ಇದು ನಾಲ್ಕನೆಯದು.

ರಾಧಾಮಣಿಯವರು ಸುಳ್ಳು ಹೇಳುತ್ತಿರಲಿಲ್ಲ ಎಂದು ನನಗನ್ನಿಸುತ್ತದೆ. ಶಿಬಿರದ ವೈದ್ಯರೂ ಸುಳ್ಳು ಬರೆದುಕೊಡಲಿಲ್ಲ. ಅವರ ಬಳಿಯಿದ್ದ ಪಟ್ಟಿಯಿಂದ ಕಣ್ಣನ್ನು ಅಳೆಯಬಹುದಿತ್ತು. ಈ ತೊಂದರೆ ಅದಕ್ಕೆ ಸಿಗುವಂಥದ್ದಲ್ಲ.

ಇನ್ನೊಂದು ಮಾತನ್ನು ನಿಮ್ಮ ಮೊದಲ ಪತ್ರ ಬಂದ ದಿನವೇ ಬರೆಯಬೇಕಾಗಿತ್ತು. ಧೈರ್ಯ ಸಾಲಲಿಲ್ಲ. ಹನ್ನೊಂದನೆಯ ಪ್ರಶ್ನೆಗೆ ಹೆಚ್ಚಿನವರು ‘ಇಲ್ಲ’ ಎನ್ನುತ್ತಾರೆ, ಮೇಡಂ. ನನಗೆ ಕಾಣುವುದಿಲ್ಲ. ಇಲ್ಲಿ ಪ್ರಯೋಗಾಲಯದಲ್ಲಿ ನನ್ನ ಜೊತೆ ಕೆಲಸ ಮಾಡುವವರಿಗೆ ಕಾಣುವುದಿಲ್ಲ. ನನ್ನ ಅಮ್ಮ ಫರೀದಾ ಆರ್.ಟಿ. ನಗರದ ಮನೆಯಲ್ಲೇ ಇದ್ದಾರೆ. ಗೋಡೆ ನೋಡಿದರೆ ಏನು ಕಾಣಿಸುತ್ತದೆ ಎಂದು ಫೋನಿನಲ್ಲಿ ಕೇಳಿದೆ. ‘ಸುಣ್ಣ ಹೊಡೆಸಿ ಆರು ವರ್ಷ ಆಯ್ತು ಅಂತ ಕಾಣ್ಸುತ್ತೆ’ ಅಂದರು. ಅಷ್ಟೇ. ನಮ್ಮ ಪಾಲಿಗೆ ಗೋಡೆಯೆಂದರೆ ಬರಿಯ ಗೋಡೆ, ಅದು ಅಲ್ಲಾಡುವುದಿಲ್ಲ.

ಹುಟ್ಟಿನಿಂದಲೇ ಹೀಗೆ ಕಾಣುವವರು ಎಲ್ಲರಿಗೂ ಹೀಗೆಯೇ ಕಾಣುತ್ತದೆಂದು ತಿಳಿದೇ ಬದುಕುತ್ತಾರೆ. ಹಾಗೆ ತಿಳಿಯುವುದು ತಪ್ಪಲ್ಲ. ಬೇರೆಯವರ ಕಣ್ಣಿನೊಳಗೆ ಹೊಕ್ಕು ನೋಡಿದವರು ಯಾರಿದ್ದಾರೆ?

ನೀವು ತುಂಬಿದ ಪ್ರಶ್ನಾವಳಿಯನ್ನು ಲೆಕ್ಕಕ್ಕೆ ಹಿಡಿದಿಲ್ಲ. ನನ್ನ ಮೇಜಿನ ಖಾನೆಯಲ್ಲಿಟ್ಟಿದ್ದೇನೆ. ನೀವು ಹೇಳಿದಾಗ ಹೊರಗೆ ತೆಗೆಯುತ್ತೇನೆ. ಸಾಧ್ಯವಾದರೆ ರಾಧಾಮಣಿಯವರನ್ನು ಒಮ್ಮೆ ಕಂಡು ಬರುತ್ತೀರಾ? ಪತ್ರದೊಂದಿಗೆ ಇನ್ನೊಂದು ಪ್ರಶ್ನಾವಳಿ ಇದೆ. ‘ರಾಗಿ’ ಸೇರಿಸಿದ್ದೇನೆ.

ಲುಬ್ನಾ


ಬಾಗಲಗುಂಟೆ
೨೮ ನವೆಂಬರ್ ೨೦೨೪

ಡಾ. ಲುಬ್ನಾ ಅವರಿಗೆ,

ಎಡಗಣ್ಣಿನ ಪೊರೆ ತೆಗೆಸಿಕೊಂಡೆ. ಕಣ್ಣಿಗೆ ಆಯಾಸ ಕೊಡಬಾರದೆಂದು ವೈದ್ಯರು ಹೇಳಿದ್ದರಿಂದ ಉತ್ತರ ತಡವಾಯಿತು.

ನೀವು ಒಪ್ಪಿಸಿದ ಕೆಲಸ ಮುಗಿಸಿದ್ದೇನೆ. ಅಬ್ಬಿಗೆರೆಯಲ್ಲಿ ಈಗ ನನಗೆ ದಾರಿ ತಿಳಿಯುವುದಿಲ್ಲ. ಚಿಕ್ಕಬೈರಪ್ಪನವರ ಹೊಲವಿದ್ದ ಜಾಗದಲ್ಲಿ ನಾಲ್ಕಂತಸ್ತಿನ ಬಾಡಿಗೆ ಮನೆಗಳೆದ್ದಿವೆ. ಅವುಗಳ ಕೆಳಗಿನ ಮಳಿಗೆಯೊಂದರಲ್ಲಿ ರಾಧಾಮಣಿ ಹಿಟ್ಟಿನ ಗಿರಣಿ ನಡೆಸುತ್ತಾಳೆ. ನಲವತ್ತನಾಲ್ಕರ ಹೆಂಗಸು, ಹುಬ್ಬು, ರೆಪ್ಪೆ, ಮುಂಗೂದಲೆಲ್ಲ ಹಿಟ್ಟು. ಗುರುತಿಸಲು ಸ್ವಲ್ಪ ಹೊತ್ತು ಹಿಡಿಯಿತು. ಅವಳು ನನ್ನನ್ನು ತಕ್ಷಣ ಗುರುತಿಸಿದಳು.

ಡಬ್ಬ ಹಿಡಿದು ಸರದಿಯಲ್ಲಿ ನಿಂತಿದ್ದ ವೆಂಕಟೇಶಪ್ಪ ಎಂಬಾತನೂ ಅದೇ ತರಗತಿಯವನು. ‘ಮೇಡಂ ಬಂದವ್ರೆ, ಎಲ್ಲಾರೂ ಕೈ ಕಟ್ಕಂಡ್ ನಿಂತ್ಕಳ್ರಪ್ಪಾ’ ಎಂದು ಗೇಲಿ ಮಾಡಿದ. ಉಳಿದವರು ನಕ್ಕರು. ರಾಧಾಮಣಿ ನಗಲಿಲ್ಲ, ನಿಜವಾಗಿಯೂ ಕೈಕಟ್ಟಿ ನಿಂತಳು. ಆಮೇಲೆ ತಾನೇ ನಾಚಿಕೊಂಡು ನನಗೆ ಕುರ್ಚಿ ಒರೆಸಿಕೊಟ್ಟಳು.

ಚಂಡೀಗಢದ ವಿಜ್ಞಾನಿಯೊಬ್ಬರ ಪರವಾಗಿ ಬಂದಿದ್ದೇನೆಂದು ತಿಳಿಸಿ ಪ್ರಶ್ನಾವಳಿಯನ್ನು ನಾನೇ ಓದಿ ಹೇಳಿದೆ. ಎಲ್ಲದಕ್ಕೂ ಇಲ್ಲವೆಂದಳು. ಹನ್ನೊಂದನೆಯದಕ್ಕೂ ಇಲ್ಲವೆಂದಳು. ಆರನೆಯ ತರಗತಿಯಲ್ಲಿ ರಾಗಿಯ ಮಾತಾಡುತ್ತಿದ್ದೆಯಲ್ಲ ಎಂದು ನೆನಪಿಸಿದೆ. ಅವಳು ನನ್ನ ಮುಖ ನೋಡಲಿಲ್ಲ. ಗಿರಣಿಯ ಬಾಯಿಯ ಕಡೆ ನೋಡುತ್ತ, ‘ಹಲಗೆಯ ಮೇಲೆ ಅಕ್ಷರಗಳಲ್ಲದೆ ಬೇರೇನೂ ಇಲ್ಲ’ ಎಂದಳು. ಆ ಕಡೆಯವರ ಬಾಯಲ್ಲಿ ಸಾಮಾನ್ಯವಾಗಿ ಹಕಾರ ನಿಲ್ಲುವುದಿಲ್ಲ. ಅವಳು ಅದನ್ನೂ ಬಿಡದೆ ಇಡೀ ವಾಕ್ಯವನ್ನು ಶುದ್ಧವಾಗಿ ಉಚ್ಚರಿಸಿದಳು.

ಆದ್ದರಿಂದ ರಾಧಾಮಣಿಗೆ ಯಾವ ತೊಂದರೆಯೂ ಇಲ್ಲವೆಂದು ದಾಖಲಿಸಿಕೊಳ್ಳಿ. ಹಿಂದೆಯೂ ಇರಲಿಲ್ಲವೆಂಬುದಕ್ಕೆ ಸಾಕ್ಷಿಯಾಗಿ ಅಂದು ಬರೆಸಿದ ನೋಟ್‌ಪುಸ್ತಕವನ್ನೇ ಕಳುಹಿಸುತ್ತಿದ್ದೇನೆ. ಹತ್ತು ದಿನ ಮುಗಿದ ಮೇಲೆ ಮಾದರಿಗೆಂದು ಇಟ್ಟುಕೊಂಡದ್ದು, ಮೂವತ್ತಮೂರು ವರ್ಷಗಳಿಂದ ನನ್ನ ಕಪಾಟಿನಲ್ಲಿದೆ. ನಿವೃತ್ತಳಾಗುವವರೆಗೂ ಪ್ರತಿ ಜೂನಿನಲ್ಲಿ ಹೊಸ ಮಕ್ಕಳ ಕೈಗೆ ಇದನ್ನು ಕೊಟ್ಟು, ದುಂಡಕ್ಷರವೆಂದರೆ ಹೀಗಿರಬೇಕು ಎನ್ನುತ್ತಿದ್ದೆ. ಒಂದು ಹೊಡೆದು ಹಾಕಿದ ಗುರುತಿಲ್ಲ, ಒಂದು ಕಲೆಯಿಲ್ಲ. ಇಂಥ ಸ್ವಚ್ಛವಾದ ಪುಟ ಬರೆದವಳ ನೋಟದಲ್ಲಿ ದೋಷವಿತ್ತೆಂದರೆ ಯಾರು ನಂಬುತ್ತಾರೆ?

ನೋಡಿಯಾದ ಮೇಲೆ ಹಿಂದಿರುಗಿಸಿ.

ವಿ. ವೆಂಕಟಲಕ್ಷ್ಮಮ್ಮ


ಚಂಡೀಗಢ
೧೯ ಜನವರಿ ೨೦೨೫

ಪ್ರಿಯ ಮೇಡಂ,

ಹೊಸ ವರ್ಷದ ಶುಭಾಶಯ ಬರೆಯಬೇಕೆಂದು ಕುಳಿತೆ. ಆದರೆ ನೋಟ್‌ಪುಸ್ತಕದ ವಿಷಯವನ್ನು ಬಿಟ್ಟು ಬೇರೇನೂ ಬರೆಯಲು ಆಗುತ್ತಿಲ್ಲ.

ಅಕ್ಷರ ನೀವು ಹೇಳಿದಂತೆಯೇ ಇದೆ. ಇಷ್ಟು ದುಂಡಾದ ಬರಹವನ್ನು ನಾನು ಕಂಡಿಲ್ಲ. ಆದರೆ ಪುಟ ಸ್ವಚ್ಛವಾಗಿಲ್ಲ, ಮೇಡಂ.

ಮೊದಲ ಎರಡು ದಿನಗಳ ಪುಟಗಳಲ್ಲಿ ಬರಹ ಮಾತ್ರ ಇದೆ. ಮೂರನೆಯ ದಿನದಿಂದ ಸಾಲುಗಳ ನಡುವೆ, ಅಕ್ಷರಗಳ ಹೊಟ್ಟೆಯೊಳಗೆ, ಅಂಚಿನಲ್ಲಿ, ಎಲ್ಲೆಲ್ಲೂ ಪೆನ್ಸಿಲಿನ ಚುಕ್ಕಿಗಳಿವೆ. ಬಹಳ ಸಣ್ಣವು, ಬಹಳ ತೆಳು. ಒಂದೇ ಒಂದು ಅಂಗುಲವನ್ನೂ ಬಿಟ್ಟಿಲ್ಲ. ಒಂದು ಪುಟದಲ್ಲಿ ಎಣಿಸಲು ಹೊರಟು ಎಂಟುನೂರಕ್ಕೆ ನಿಲ್ಲಿಸಿದೆ. ದಿನದಿಂದ ದಿನಕ್ಕೆ ಹೆಚ್ಚು ಅಚ್ಚುಕಟ್ಟಾಗುತ್ತ ಹೋಗಿವೆ. ಹತ್ತನೆಯ ದಿನದ ಪುಟವನ್ನು ತೋಳಿನಷ್ಟು ದೂರದಲ್ಲಿ ಹಿಡಿದರೆ ಮೊರದಿಂದ ಹಾರುತ್ತಿರುವ ರಾಗಿಯಂತೆಯೇ ಕಾಣುತ್ತದೆ. ನಮ್ಮ ರೋಗಿಗಳಿಗೆ ಕಾಗದ ಕೊಟ್ಟು, ನಿಮಗೆ ಕಾಣುವುದನ್ನು ಬರೆದು ತೋರಿಸಿ ಎನ್ನುತ್ತೇವೆ. ಇಷ್ಟು ನಿಷ್ಠೆಯಿಂದ ಯಾರೂ ತೋರಿಸಿಲ್ಲ. ಅವರಿಗೆ ಆಗ ಹನ್ನೊಂದು ವರ್ಷ.

ಪ್ರತಿ ಪುಟದ ಕೆಳಗೂ ಕೆಂಪು ಶಾಯಿಯಲ್ಲಿ ‘ಶುದ್ಧವಾಗಿದೆ’ ಎಂದೂ ಅದರ ಕೆಳಗೆ ನಿಮ್ಮ ಸಹಿಯೂ ಇದೆ.

ನಾನು ಆರೋಪ ಮಾಡುತ್ತಿಲ್ಲ. ಆದರೆ ಕೇಳದೆ ಇರಲಾರೆ: ಇವು ನಿಮಗೆ ಕಾಣಲೇ ಇಲ್ಲವೇ? ಪುಸ್ತಕವನ್ನು ಹಿಂದಿರುಗಿಸುತ್ತಿದ್ದೇನೆ. ಕಣ್ಣಿಗೆ ಗೊತ್ತಾಗದಿದ್ದರೆ ಹಾಳೆಯ ಹಿಂಬದಿಯಲ್ಲಿ ಬೆರಳಾಡಿಸಿ ನೋಡಿ. ಪೆನ್ಸಿಲಿನ ಮೊನೆ ಊರಿದ ಗುರುತು ಹಾಗೆಯೇ ಇದೆ.

ಲುಬ್ನಾ


ಬಾಗಲಗುಂಟೆ
೨ ಫೆಬ್ರವರಿ ೨೦೨೫

ಲುಬ್ನಾ ಅವರಿಗೆ,

ಪುಸ್ತಕ ತಲುಪಿತು. ಬೆರಳಾಡಿಸಿದೆ. ಇವೆ.

ವೆಂ.


ಚಂಡೀಗಢ
೧೨ ಮಾರ್ಚ್ ೨೦೨೫

ಪ್ರಿಯ ಮೇಡಂ,

ನಿಮ್ಮ ಮೂರು ವಾಕ್ಯಗಳ ಪತ್ರದ ನಂತರ ಎರಡು ಪತ್ರ ಬರೆದೆ. ಒಂದಕ್ಕೂ ಉತ್ತರವಿಲ್ಲ. ನನ್ನಿಂದ ನಿಮಗೆ ನೋವಾಗಿದ್ದರೆ ಕ್ಷಮಿಸಿ. ಅಮ್ಮನಿಗೆ ನಿಮ್ಮ ವಿಷಯ ಹೇಳಿದ್ದೇನೆ. ಬೇಕಿದ್ದರೆ ಒಂದು ದಿನ ಬಂದು ನೋಡಿಕೊಂಡು ಹೋಗುತ್ತೇನೆ ಎಂದಿದ್ದಾರೆ. ಮಾತು ಜಾಸ್ತಿ, ಆದರೆ ಜೊತೆಗಿದ್ದರೆ ಮನಸ್ಸು ಹಗುರವಾಗುತ್ತದೆ.

ಒಂದು ಅನುಮತಿ ಕೇಳಬೇಕಾಗಿದೆ. ಪುಸ್ತಕ ಹಿಂದಿರುಗಿಸುವ ಮುನ್ನ ಹತ್ತನೆಯ ದಿನದ ಪುಟದಿಂದ ತೆಗೆದುಕೊಂಡ ಪಟವನ್ನು ನಮ್ಮ ಪ್ರಬಂಧದಲ್ಲಿ ಅಚ್ಚು ಹಾಕಬಹುದೇ? ಬಾಲ್ಯದಲ್ಲೇ ಈ ತೊಂದರೆ ಇದ್ದುದಕ್ಕೆ ಇಂಥ ದಾಖಲೆ ನಮಗೆ ಬೇರೆಲ್ಲೂ ಸಿಕ್ಕಿಲ್ಲ. ರಾಧಾಮಣಿಯವರು ಒಪ್ಪದಿದ್ದರೆ ಹಾಕುವುದಿಲ್ಲ. ಹಾಕಿದರೂ ಅವರ ಹೆಸರು, ನಿಮ್ಮ ಷರಾ, ನಿಮ್ಮ ಸಹಿ ಎಲ್ಲವನ್ನೂ ಕಪ್ಪು ಪಟ್ಟಿಯಿಂದ ಮುಚ್ಚುತ್ತೇವೆ. ಯಾರಿಗೂ ಗೊತ್ತಾಗುವುದಿಲ್ಲ.

ನಿಮ್ಮ ಉತ್ತರಕ್ಕೆ ಕಾಯುವ
ಲುಬ್ನಾ


ಬಾಗಲಗುಂಟೆ
೨೦ ಏಪ್ರಿಲ್ ೨೦೨೫

ಪ್ರಿಯ ಲುಬ್ನಾ,

ನೀವು ಕೇಳಿದ್ದಕ್ಕೆ ಉತ್ತರ ಕೊಡುವ ಮುನ್ನ, ಹಿಂದೆ ನಾನು ಬರೆದದ್ದರಲ್ಲಿ ತಿದ್ದಬೇಕಾದವು ಕೆಲವಿವೆ.

ಪೊರೆಯ ಶಸ್ತ್ರಚಿಕಿತ್ಸೆಯ ನಂತರ ಹತ್ತೇ ದಿನಕ್ಕೆ ಓದಲು ಅನುಮತಿ ಸಿಕ್ಕಿತ್ತು. ಉತ್ತರ ತಡವಾದದ್ದು ಕಣ್ಣಿನಿಂದಲ್ಲ. ನಿಮ್ಮ ಆಗಸ್ಟಿನ ಪತ್ರ ಬಂದ ಮೇಲೆ ನಮ್ಮ ಬೀದಿಯಲ್ಲಿ ಹದಿನಾಲ್ಕು ಜನರನ್ನು ಕೇಳಿದೆ. ಹಾಲಿನವನು, ಇಸ್ತ್ರಿ ಅಂಗಡಿಯವಳು, ಎದುರುಮನೆಯ ನಿವೃತ್ತ ಎಂಜಿನಿಯರು. ಹದಿನಾಲ್ವರೂ ಇಲ್ಲವೆಂದರು. ಇಸ್ತ್ರಿಯವಳು ‘ತಲೆ ಸುತ್ತುತ್ತಾ ಅಮ್ಮಾ, ಕೂತ್ಕೊಳ್ಳಿ’ ಎಂದು ನೀರು ತಂದುಕೊಟ್ಟಳು. ಪೊರೆ ತೆಗೆದರೆ ಚುಕ್ಕಿಗಳೂ ಹೋಗಬಹುದೆಂದು, ಅವು ಮುದಿಗಣ್ಣಿನವೇ ಇರಬಹುದೆಂದು ಆಸೆಪಟ್ಟೆ. ಪೊರೆ ಹೋಯಿತು. ರಾಗಿ ಹೋಗಲಿಲ್ಲ. ನೆನಪು ಶುರುವಾದಂದಿನಿಂದ ಅದು ನನ್ನ ಕಣ್ಣೆದುರಿಗಿದೆ. ಎಪ್ಪತ್ತಮೂರು ವರ್ಷ ಬದುಕಿ, ಗೋಡೆ ನಿಶ್ಚಲವಾಗಿರುತ್ತದೆಂಬುದನ್ನು ನಾನು ನಿಮ್ಮ ತಾಯಿಯಿಂದ ಕಲಿಯಬೇಕಾಯಿತು.

ಹೀಗೆ ಎಲ್ಲ ತಿಳಿದ ಮೇಲೂ ನವೆಂಬರಿನಲ್ಲಿ ಗಿರಣಿಗೆ ಹೋಗಿ, ನಿಮ್ಮ ಹೆಸರನ್ನು ಮುಂದಿಟ್ಟುಕೊಂಡು, ಅವಳನ್ನೇ ಪ್ರಶ್ನಿಸಿದೆ. ನನಗೆ ಕಾಣುತ್ತದೆಂದು ಹೇಳಲಿಲ್ಲ. ಅವಳು ಇಲ್ಲವೆಂದಾಗ ನನಗೆ ಸಮಾಧಾನವಾಯಿತು. ಇದನ್ನು ಬರೆಯಲು ಎರಡು ತಿಂಗಳು ಹಿಡಿಯಿತು.

ಚುಕ್ಕಿಗಳ ವಿಷಯ. ಅವು ನನಗೆ ಕಂಡಿದ್ದವು. ಎಲ್ಲ ಕಾಗದದ ಮೇಲೂ ಕಾಣುವಂತೆ ಆ ಕಾಗದದ ಮೇಲೂ ಕಂಡವು. ಅವಳು ಇಟ್ಟದ್ದು ಯಾವುದು, ನನ್ನ ಕಣ್ಣು ಇಟ್ಟದ್ದು ಯಾವುದು ಎಂದು ಬೇರ್ಪಡಿಸಲು ಕಾರಣವೇ ಇರಲಿಲ್ಲ. ಈಗ ಭೂತಗನ್ನಡಿ ಹಿಡಿದು ಬಹಳ ಹೊತ್ತು ದಿಟ್ಟಿಸಿದರೆ ತಿಳಿಯುತ್ತದೆ: ನನ್ನವು ಓಡುತ್ತವೆ, ಅವಳವು ನಿಂತಿವೆ.

ಜೂನಿನಲ್ಲಿ ಆ ಪುಸ್ತಕವನ್ನು ಹೊಸ ಮಕ್ಕಳಿಗೆ ಕೊಟ್ಟಾಗಲೆಲ್ಲ ಅವರು ಪಿಸುಗುಟ್ಟಿ ನಗುತ್ತಿದ್ದರು. ತುಂಟತನವೆಂದು ಗದರಿಸುತ್ತಿದ್ದೆ. ಒಂದು ವರ್ಷ ಧನಲಕ್ಷ್ಮಿ ಎಂಬ ಪುಟ್ಟ ಹುಡುಗಿ ಎದ್ದು ನಿಂತು, ‘ಮೇಡಂ, ಇದ್ರಲ್ಲಿ ಚುಕ್ಕಿ ಐತೆ’ ಎಂದಳು. ‘ಅಕ್ಷರ ನೋಡು, ಚುಕ್ಕಿ ನೋಡಬೇಡ’ ಎಂದು ಕೂರಿಸಿದೆ. ಅವಳಿಗೆ ಒಳ್ಳೆಯ ಬುದ್ಧಿ ಹೇಳಿದೆನೆಂದೇ ತಿಳಿದಿದ್ದೆ; ನಾನು ಬದುಕಿಡೀ ಮಾಡಿದ್ದು ಅದನ್ನೇ.

ಕಳೆದ ಮಂಗಳವಾರ ಮತ್ತೆ ಅಬ್ಬಿಗೆರೆಗೆ ಹೋದೆ. ಈ ಸಲ ಪ್ರಶ್ನಾವಳಿ ಒಯ್ಯಲಿಲ್ಲ, ಪುಸ್ತಕ ಒಯ್ದೆ. ಮಧ್ಯಾಹ್ನದ ಹೊತ್ತು, ಗಿರಾಕಿಗಳಿರಲಿಲ್ಲ. ಗಿರಣಿ ಓಡುತ್ತಿತ್ತು. ಆ ಸದ್ದಿನಲ್ಲಿ ಮಾತು ಕೇಳಿಸದೆ ಎರಡು ಸಲ ಹೇಳಬೇಕಾಯಿತು.

‘ನನಗೂ ಕಾಣುತ್ತದೆ, ರಾಧಾಮಣಿ. ಆಗಲೂ ಕಾಣುತ್ತಿತ್ತು.’

ಅವಳು ಗುಂಡಿ ಒತ್ತಿ ಗಿರಣಿ ನಿಲ್ಲಿಸಿದಳು. ಚಕ್ರ ತಿರುಗಿ ತಿರುಗಿ ನಿಂತಿತು. ಅವಳ ಮಾತನ್ನು ಇಲ್ಲಿ ತಿದ್ದದೆ ಬರೆಯುತ್ತೇನೆ.

‘ಅವತ್ತೇ ಯೋಳ್ಬೋದಾಗಿತ್ತಲ್ಲ ಮೇಡಂ.’

ಎಲ್ಲರಿಗೂ ಕಾಣುತ್ತದೆಂದು ತಿಳಿದಿದ್ದೆ, ನೀನೊಬ್ಬಳು ನೆಪ ಹೇಳುತ್ತಿದ್ದೀಯೆಂದು ತಿಳಿದಿದ್ದೆ ಎಂದೆ. ಅವಳು ತಲೆಯಾಡಿಸಿದಳು.

‘ನೀವು ಬರ್ಸಿದ್ ಮ್ಯಾಕೆ ನಾನೂ ಅಂಗೇ ಅನ್ಕಂಡೆ. ಎಲ್ಲಾರ್ಗೂ ಕಾಣ್ತದೆ, ಎಲ್ಲಾರೂ ಬಾಯ್ ಮುಚ್ಕಂಡವ್ರೆ, ನಾನೊಬ್ಳೇ ಮಾನಗೆಟ್ಟೋಳು ಬಾಯ್ ಬಿಟ್ಟೆ ಅಂತ. ಮದ್ವೆ ಆದ್ಮೇಲೆ ಮನೆಯೋರ್ಗೂ ಯೋಳಿಲ್ಲ.’

ಪುಸ್ತಕವನ್ನು ಅವಳ ಮುಂದೆ ಬಿಡಿಸಿಟ್ಟೆ. ಸೆರಗಿಗೆ ಕೈ ಒರೆಸಿಕೊಂಡಳು, ಆದರೆ ಮುಟ್ಟಲಿಲ್ಲ. ಇವನ್ನು ಏಕೆ ಇಟ್ಟೆಯೆಂದು ಕೇಳಿದೆ.

‘ಬಾಯಲ್ ಯೋಳುದ್ರೆ ಸುಳ್ಳು ಅಂತೀರಿ. ತೋರ್ಸಾನ ಅಂತ ಇಟ್ಟೆ. ದಿನಾ ರಾತ್ರಿ ಬುಡ್ಡಿ ದೀಪದ್ ಮುಂದೆ ಕುಂತ್ಕಂಡು. ಬೆಳಿಗ್ಗೆ ನೀವು ಪುಸ್ತಕ ಬಿಡಿಸ್ದಾಗ ಉಸ್ರು ಬಿಗಿ ಇಡ್ಕಂಡ್ ನಿಂತಿರ್ತಿದ್ದೆ. ಈವತ್ ನೋಡ್ತಾರೆ, ಈವತ್ ನೋಡ್ತಾರೆ ಅಂತ. ನೀವು ಸೈನ್ ಆಕಿ ಕೊಟ್ಬುಡ್ತಿದ್ರಿ.’ ‘ಅತ್ನೇ ದಿನದ್ ಮ್ಯಾಕೆ ಸುಮ್ನಾದೆ’ ಎಂದಳು.

ಲುಬ್ನಾ, ಶಿಸ್ತಿನಿಂದ ಗುಣವಾಯಿತೆಂದು ನಾನು ತಿಳಿದುಕೊಂಡ ಹನ್ನೊಂದನೆಯ ದಿನ ಅದು.

ನಿಮ್ಮ ಸಂಶೋಧನೆಯ ಬಗ್ಗೆ ಹೇಳಿದೆ. ನಾನು ಉತ್ತರಿಸದ ಪತ್ರಗಳಲ್ಲಿ ನೀವು ಬರೆದಿದ್ದಂತೆ, ಬೆಂಗಳೂರಿನಲ್ಲೇ ಮಿದುಳಿನ ಚಿತ್ರ ತೆಗೆಯುತ್ತಾರೆ, ಈ ತೊಂದರೆಗೊಂದು ಹೆಸರಿದೆ, ಅದು ಸುಳ್ಳಲ್ಲವೆಂದು ಬರಹದಲ್ಲೇ ಕೊಡುತ್ತಾರೆ ಎಂದೆ. ಬೇಡವೆಂದಳು. ಈಗ ಹೆಸರು ತಿಳಿದು ಏನಾಗಬೇಕು ಎಂದಳು. ಈ ಗಿರಣಿಗೆ ಯಾಕೆ ಬಂದೆ ಗೊತ್ತೇ ಎಂದು ಅವಳೇ ಕೇಳಿ, ಅವಳೇ ಉತ್ತರವನ್ನೂ ಕೊಟ್ಟಳು. ಅಪ್ಪನ ಹೊಲದಲ್ಲೆದ್ದ ಮನೆಗಳ ಬಾಡಿಗೆಯ ಮೇಲೆಯೇ ಬದುಕಬಹುದಿತ್ತಂತೆ. ಆದರೆ ಇಲ್ಲಿಗೆ ಬಂದವರೆಲ್ಲರ ಕಣ್ಣಿಗೂ ಗಾಳಿಯಲ್ಲಿ ಹಿಟ್ಟು ಹಾರುವುದು ಕಾಣುತ್ತದೆ.

‘ಇಲ್ಲಿ ಯಾರೂ ಸುಳ್ಳು ಅನ್ನಲ್ಲ ಮೇಡಂ.’

ಕ್ಷಮಿಸೆಂದು ನಾನು ಕೇಳಿದೆ. ಕ್ಷಮಿಸಿದೆನೆಂದು ಅವಳು ಹೇಳಲಿಲ್ಲ. ಕಾಫಿ ತರಿಸುತ್ತೇನೆಂದಳು. ಬೇಡವೆಂದು ಎದ್ದೆ. ಬಾಗಿಲವರೆಗೆ ಬಂದಾಗ ಹಿಂದಿನಿಂದ ಕೇಳಿದಳು:

‘ಕಣ್ ಮುಚ್ಕಂಡ್ರೂ ಇರ್ತದಾ ನಿಮ್ಗೆ?’

‘ಇರುತ್ತದೆ’ ಎಂದೆ.

‘ನಂಗೂವೆ.’

ಆಮೇಲೆ ಗಿರಣಿ ಚಾಲೂ ಮಾಡಿದಳು. ನಾನು ರಸ್ತೆಗೆ ಬಂದೆ.

ನಿಮ್ಮ ಖಾನೆಯಲ್ಲಿರುವ ನನ್ನ ಪ್ರಶ್ನಾವಳಿಯನ್ನು ಹೊರಗೆ ತೆಗೆಯಿರಿ. ಈಗ ಅದನ್ನು ಲೆಕ್ಕಕ್ಕೆ ಹಿಡಿಯಿರಿ. ಚಿತ್ರ ತೆಗೆಸಿಕೊಳ್ಳಲು ನಾನು ಬರುತ್ತೇನೆ. ದಿನ ಗೊತ್ತು ಮಾಡಿ ತಿಳಿಸಿ. ಆ ಯಂತ್ರದೊಳಗೆ ಅಲ್ಲಾಡದೆ ಮಲಗಬೇಕಂತೆ. ಅದು ನನಗೆ ಕಷ್ಟವಲ್ಲ. ನಿಮ್ಮ ತಾಯಿಯವರು ಜೊತೆಗೆ ಬಂದರೆ ಸಂತೋಷ. ಮಾತು ಹೆಚ್ಚಾದರೂ ಅಡ್ಡಿಯಿಲ್ಲ.

ಪುಟವನ್ನು ಅಚ್ಚು ಹಾಕಲು ರಾಧಾಮಣಿ ಒಪ್ಪಿದ್ದಾಳೆ. ‘ಆಕ್ಕಳ್ಳಿ, ನನ್ನೆಸ್ರು ಬ್ಯಾಡ’ ಎಂದಳು. ಆದ್ದರಿಂದ ಅವಳ ಹೆಸರನ್ನು ಮುಚ್ಚಿ. ಕೆಳಗಿರುವ ಕೆಂಪು ಶಾಯಿಯ ‘ಶುದ್ಧವಾಗಿದೆ’ ಎಂಬ ಷರಾವನ್ನೂ ಅದರಡಿಯ ನನ್ನ ಸಹಿಯನ್ನೂ ಮುಚ್ಚಬೇಡಿ.

ವಿ. ವೆಂಕಟಲಕ್ಷ್ಮಮ್ಮ